ಸನ್ಮಾನದ ಮರುದಿನ

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನಗೆ ಕೊಟ್ಟಿರುವ ವಿಷಯ "ಉನ್ನತ ಶಿಕ್ಷಣದಲ್ಲಿ ಮಾರ್ಗದರ್ಶನದ ಮಹತ್ವ". ಮಹತ್ವದ ಬಗ್ಗೆ ನನಗಿಂತ ಚೆನ್ನಾಗಿ ಮಾತನಾಡಬಲ್ಲವರು ವೇದಿಕೆಯ ಮೇಲೆಯೇ ಇದ್ದಾರೆ. ನಾನು ಒಬ್ಬ ಹುಡುಗನ ವಿಷಯದಿಂದ ಆರಂಭಿಸುತ್ತೇನೆ. ಅವನ ಹೆಸರು ಹೇಳುವುದಿಲ್ಲ. ಇಲ್ಲಿ ಕೆಲವರಿಗೆ ಗೊತ್ತಾಗಬಹುದು, ಗೊತ್ತಾದರೂ ದಯವಿಟ್ಟು ಸುಮ್ಮನಿರಿ.

2022ರಲ್ಲಿ ಅವನು ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 89 ಅಂಕ ಪಡೆದ. ಉರ್ದು ಮಾಧ್ಯಮದ ಹುಡುಗ. ತಂದೆ ಗೌಂಡಿಯ ಕೈಕೆಳಗೆ ಕೆಲಸಕ್ಕೆ ಹೋಗುವವರು, ತಾಯಿ ಹೊಲದ ಕೂಲಿ. ಇದೇ ವೇದಿಕೆಯಲ್ಲಿ ಅವನಿಗೆ ಶಾಲು ಹೊದಿಸಿ, ಹಾರ ಹಾಕಿ, ಸ್ಮರಣಿಕೆ ಕೊಟ್ಟೆವು. ಅವನ ಹೆಸರನ್ನು ಮೈಕಿನಲ್ಲಿ ಓದಿದವಳು ನಾನು. "ಇಂಥ ಮಕ್ಕಳು ಡಾಕ್ಟರ್ ಆಗಬೇಕು" ಎಂದೂ ಸೇರಿಸಿದೆ. ದೊಡ್ಡ ಚಪ್ಪಾಳೆ ಬಿತ್ತು. ವಾರ ಕಳೆದ ಮೇಲೆ ಅವನ ಅಬ್ಬಾ ಶಾಲೆಗೆ ಬಂದರು. ಕೈಯಲ್ಲಿ ಸಿಮೆಂಟಿನ ಗುರುತು ಇನ್ನೂ ಹಾಗೇ ಇತ್ತು. "ಟೀಚರ್, ನಮಗೇನೂ ತಿಳಿಯಂಗಿಲ್ರಿ. ನೀವು ಹೇಳಿದಂಗ ಮಾಡ್ತೀವಿ. ಯಾವ್ದು ಹಚ್ಚಬೇಕ್ರಿ?" ಎಂದು ಕೇಳಿದರು. "ಸೈನ್ಸ್ ಹಚ್ಚಿ" ಎಂದೆ. ಎರಡು ನಿಮಿಷದ ಮಾತು. ಗಂಟೆ ಹೊಡೆದಿತ್ತು, ನಾನು ಏಳನೇ ತರಗತಿಗೆ ಹೋಗಬೇಕಾಗಿತ್ತು.

ಆ ಹುಡುಗ ಹತ್ತು ವರ್ಷ ಜೀವಕೋಶವನ್ನು ಖಲಿಯಾ ಎಂದು ಓದಿದವನು, ಅಣುವನ್ನು ಸಾಲಿಮಾ ಎಂದು, ಬಲವನ್ನು ಕುವ್ವತ್ ಎಂದು. ಪಿಯುಸಿಯ ಮೊದಲ ದಿನ ಇವೆಲ್ಲ ಸೆಲ್, ಮಾಲಿಕ್ಯೂಲ್, ಫೋರ್ಸ್ ಆಗಿ ಬಂದವು. ಅವನಿಗೆ ವಿಷಯ ಗೊತ್ತಿತ್ತು, ಆದರೆ ತನಗೆ ಗೊತ್ತಿರುವುದೇ ಇದು ಎಂಬುದು ಗೊತ್ತಾಗಲಿಲ್ಲ. ಜೊತೆಯವರು ಟ್ಯೂಷನ್ನಿಗೆ ಹೋದರು, ಇವನಿಗೆ ಅದರ ಶಕ್ತಿ ಇರಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಮೂರು ವಿಷಯಗಳಲ್ಲಿ ಬಿದ್ದ. ಅದನ್ನು ಯಾರಿಗೂ ಹೇಳಲಿಲ್ಲ. ಶಾಲು ಹೊದಿಸಿಕೊಂಡ ಹುಡುಗ ಬಿದ್ದೆನೆಂದು ಯಾರ ಮುಂದೆ ಹೇಳಬೇಕು? ದಸರಾ ರಜೆಗೆ ಊರಿಗೆ ಬಂದವನು ತಿರುಗಿ ಕಾಲೇಜಿಗೆ ಹೋಗಲಿಲ್ಲ. ಸೋದರಮಾವನ ಜೊತೆ ಬೆಂಗಳೂರಿಗೆ ಟೈಲ್ಸ್ ಹಾಕುವ ಕೆಲಸಕ್ಕೆ ಹೋದ. ನನಗೆ ಈ ವಿಷಯ ತಿಳಿದದ್ದು ಮುಂದಿನ ವರ್ಷದ ಸನ್ಮಾನಿತರ ಪಟ್ಟಿ ಮಾಡುವಾಗ.

ಆಮೇಲೊಮ್ಮೆ ಮೊಹರಂಗೆ ಬಂದಾಗ ಅವನು ದಾರಿಯಲ್ಲಿ ಸಿಕ್ಕ. ಮರ್ಯಾದೆಯಿಂದ ಸಲಾಂ ಹೇಳಿದ. ಮನೆಯಲ್ಲಿ ಸ್ಮರಣಿಕೆ ಇನ್ನೂ ಇದೆ, ಅಮ್ಮಿ ಟಿವಿ ಪಕ್ಕ ಇಟ್ಟಿದ್ದಾಳೆ ಎಂದ. ನಾನು ಏನೋ ಸಮಾಧಾನ ಹೇಳಲು ಹೋದೆ. ಅವನು ನಗುತ್ತಲೇ ಹೇಳಿದ: "ಟೀಚರ್, ಅವತ್ತು ಮೈಕಿನ್ಯಾಗ ಎಲ್ಲಾರೂ ನನ್ನ ಹೆಸರು ಕರದ್ರಿ. ಆಮ್ಯಾಲೆ ಯಾರೂ ಕರೀಲಿಲ್ರಿ."

ಅವನು ಹೇಳಿದ್ದರಲ್ಲಿ ಆಕ್ಷೇಪಣೆಯ ಧಾಟಿ ಇರಲಿಲ್ಲ. ಆದರೂ ಆ ಮಾತು ನನಗೆ ತಟ್ಟಿತು, ಈ ಭಾಷಣಕ್ಕೆ ಒಪ್ಪಿಕೊಂಡದ್ದೂ ಅದೇ ಕಾರಣಕ್ಕೆ. ಸೈನ್ಸ್ ತೆಗೆದುಕೊಳ್ಳಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಜುಲೈ ತಿಂಗಳಲ್ಲಿ ಯಾರಾದರೂ ಅವನ ಪಕ್ಕ ಕುಳಿತು ಖಲಿಯಾ ಎಂದರೆ ಸೆಲ್ ಎಂದು ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿ ಬರೆಸಿದ್ದರೆ ಸಾಕಾಗಿತ್ತೇನೋ. ಉರ್ದು ಕನ್ನಡ ಎರಡೂ ಕಲಿಸುವ ನನಗೆ ಅದು ಬರುತ್ತಿತ್ತು. ನಾನು ಮಾಡಲಿಲ್ಲ.

ಮನೆಯಲ್ಲಿ ತಂದೆ ತಾಯಿ ಇಬ್ಬರೂ ಕಾಲೇಜು ಕಾಣದವರಾಗಿದ್ದು, ಆ ಮನೆಯಿಂದ ಮೊದಲ ಬಾರಿಗೆ ಕಾಲೇಜಿಗೆ ಹೋಗುವ ಮಗುವನ್ನು ಮೊದಲ ತಲೆಮಾರಿನ ವಿದ್ಯಾರ್ಥಿ ಎನ್ನುತ್ತೇವೆ. ಈ ಸಭೆಯಲ್ಲಿರುವ ಹೆಚ್ಚಿನ ಮಕ್ಕಳು ಅಂಥವರೇ. ನಾನೂ ಅಂಥವಳೇ. ಅಮೆರಿಕದಂಥ ಶ್ರೀಮಂತ ದೇಶದಲ್ಲಿಯೂ ಇಂಥ ಮಕ್ಕಳಿಗೆ ಹಣವೊಂದೇ ಸಾಲದು ಎಂದು ಕಂಡುಕೊಂಡು 1964ರಲ್ಲಿ ಅಪ್‌ವರ್ಡ್ ಬೌಂಡ್ ಎಂಬ ಸರ್ಕಾರಿ ಯೋಜನೆ ಶುರು ಮಾಡಿದರು. ಕಾಲೇಜು ಸೇರಿದ ಮೇಲೂ ಮಕ್ಕಳ ಜೊತೆಗಿರುವ ಇನ್ನೊಂದು ಯೋಜನೆಯನ್ನು 1968ರಲ್ಲಿ ತಂದರು. ಬಡವರ ಮಗು ಕಾಲೇಜಿನ ಬಾಗಿಲು ದಾಟಿದ ಮೇಲೂ ಬೀಳುತ್ತದೆ ಎಂಬುದು ಅವರಿಗೂ ಅನುಭವದಿಂದಲೇ ತಿಳಿದಿರಬೇಕು.

ನಮ್ಮ ಕಡೆಯ ಲೆಕ್ಕ ನೋಡಿ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ ದೇಶದ ಹೆಸರಾಂತ ಕಾಲೇಜುಗಳಲ್ಲಿ ಪದವಿ ಓದುವ 25 ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಂ, ಸ್ನಾತಕೋತ್ತರದಲ್ಲಿ 50ಕ್ಕೆ ಒಬ್ಬ. ಅದಕ್ಕೆ ನಾಲ್ಕು ವರ್ಷ ಮೊದಲು, 2002ರಲ್ಲಿ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಯಲಬುರ್ಗಾವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಇಟ್ಟಿತ್ತು. ನಮ್ಮ ತಳಕಲ್ ಆಗ ಅದೇ ತಾಲೂಕಿನಲ್ಲಿತ್ತು, ಕುಕನೂರು ತಾಲೂಕು ಆದದ್ದು ಆಮೇಲೆ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಸಾಕ್ಷರತೆ ಶೇಕಡಾ 68, ಮಹಿಳೆಯರದು ಶೇಕಡಾ 58ಕ್ಕೂ ತುಸು ಕಡಿಮೆ. ಹಿಂದೆ ಕುಳಿತಿರುವ ತಾಯಂದಿರಲ್ಲಿ ಅರ್ಧದಷ್ಟು ಜನ ಮಗನ ಅಂಕಪಟ್ಟಿಯನ್ನು ಬೇರೆಯವರಿಂದ ಓದಿಸಿಕೊಂಡಿದ್ದಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನನ್ನ ಅಮ್ಮಿಯೂ ಹಾಗೇ ಓದಿಸಿಕೊಂಡವಳು.

ಆದರೆ ಈಗ ಬಾಗಿಲುಗಳು ಊರಿನ ಹತ್ತಿರಕ್ಕೇ ಬಂದಿವೆ. ತಳಕಲ್ಲಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. 2023ರಲ್ಲಿ ಸ್ಥಾಪನೆಯಾದ ಕೊಪ್ಪಳ ವಿಶ್ವವಿದ್ಯಾಲಯವೂ ನಮ್ಮ ಊರಿನಲ್ಲಿಯೇ ಆರಂಭವಾಯಿತು. ನಾನು ಪದವಿ ಓದುವಾಗ ವಿಶ್ವವಿದ್ಯಾಲಯದ ಕೆಲಸವೆಂದರೆ ಬೇರೆ ಜಿಲ್ಲೆಗೆ ಹೋಗಿ ಒಂದು ದಿನದ ಕೂಲಿ ಕಳೆದುಕೊಳ್ಳುವ ಕೆಲಸ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚು ತಪ್ಪಿತು. 2025ರ ಮೇ ತಿಂಗಳಲ್ಲಿ ತಳಕಲ್ಲಿನಿಂದ ಕುಷ್ಟಗಿಗೆ ರೈಲು ಓಡಿತು. ಕಾಲೇಜು ಬಂತು, ಬಸ್ಸು ಬಂತು, ರೈಲೂ ಬಂತು. ಹಾಗಿದ್ದೂ ಇಂಜಿನಿಯರಿಂಗ್ ಕಾಲೇಜಿನ ಗೇಟಿನ ಮುಂದಿನಿಂದ ದಿನಾ ಕೂಲಿಗೆ ಹೋಗುವ ಪಿಯುಸಿ ಪಾಸಾದ ಹುಡುಗನೊಬ್ಬನಿಗೆ ನಾನು "ಒಳಗ ಹೋಗಿ ಕೇಳಿಯೇನಪ್ಪ?" ಎಂದಾಗ, "ಒಳಗ ಬಿಡ್ತಾರೇನ್ರಿ ಟೀಚರ್?" ಎಂದ. ಗೇಟು ತೆರೆದೇ ಇತ್ತು.

ಈ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಅಂಜಿಕೆ ಓದಿದವರ ಮನೆಯಲ್ಲಿ ಇರುವುದಿಲ್ಲ. ಅಲ್ಲಿ ಊಟಕ್ಕೆ ಕುಳಿತಾಗ ಮಗು ಸೆಮಿಸ್ಟರ್, ಸೀಟು, ಕೌನ್ಸೆಲಿಂಗ್, ಇಂಟರ್ನ್‌ಶಿಪ್ ಎಂಬ ಮಾತುಗಳನ್ನು ತಾನಾಗಿಯೇ ಕೇಳಿಸಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಊಟದ ಹೊತ್ತಿನ ಮಾತು ಬೇರೆ, ಸಂಘದ ಸಾಲದ ಕಂತು, ಮಳೆ, ಮದುವೆ. ಓದಿದವರ ಮಗುವಿಗೆ ಅನ್ನದ ಜೊತೆ ಸಿಗುವ ತಿಳಿವಳಿಕೆ ನಮ್ಮ ಮಗುವಿಗೆ ಯಾರಾದರೂ ಕರೆದು ಹೇಳಿದರೆ ಮಾತ್ರ ಸಿಗುತ್ತದೆ.

ನನ್ನ ಕಥೆಯನ್ನೇ ಹೇಳುತ್ತೇನೆ. ನನ್ನ ತಂದೆ ಬಿಲ್ಲು ಹೆಗಲಿಗೇರಿಸಿಕೊಂಡು ಊರೂರು ತಿರುಗಿ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು. ಪಿಂಜಾರರ ಮನೆ ನಮ್ಮದು. 2011ರಲ್ಲಿ ಬಿ.ಎ. ಮುಗಿಸಿ ಬಿ.ಎಡ್.ಗೆ ಅರ್ಜಿ ಹಾಕುವಾಗ ಪ್ರವರ್ಗದ ಕಾಲಂನಲ್ಲಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ಪಕ್ಕದ ಗೆಳತಿ 2ಬಿ ಎಂದು ಬರೆದಳು. ಅವಳೂ ಮುಸ್ಲಿಂ, ನಾನೂ ಮುಸ್ಲಿಂ, ನಾನೂ 2ಬಿ ಬರೆದೆ. ಆ ವರ್ಷ ಸೀಟು ಸಿಗಲಿಲ್ಲ. ಸರ್ಕಾರದ ಪಟ್ಟಿಯಲ್ಲಿ ಪಿಂಜಾರ, ನದಾಫ್ ಸಮುದಾಯದವರು ಪ್ರವರ್ಗ-1ರಲ್ಲಿ ಬರುತ್ತಾರೆ, ಆ ಪ್ರವರ್ಗಕ್ಕೆ ಕೆನೆಪದರದ ಆದಾಯ ಮಿತಿಯೂ ಇಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತೆ. ಆ ವರ್ಷದಲ್ಲಿ ನನ್ನ ಮದುವೆಯ ಮಾತು ಎರಡು ಸಲ ಬಂದು ಹೋಯಿತು. ಅಬ್ಬಾ ಅವರು ಗಾದಿ ತುಂಬಲು ಹೋಗುತ್ತಿದ್ದ ಒಂದು ಮನೆಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದರು, ಲಿಂಗಾಯತರು. ಅಬ್ಬಾ ನನ್ನ ವಿಷಯ ಹೇಳಿ ಅಲವತ್ತುಕೊಂಡಾಗ ಅವರು, "ಅಲ್ಲೋ ಸಾಬಣ್ಣ, ನೀ ಪಿಂಜಾರ ಅದೀಯಲ್ಲ, ಮಗಳ ಸರ್ಟಿಫಿಕೇಟ್ ಯಾಕ ಹಿಂಗ ಮಾಡಿಸಿದಿ?" ಎಂದು ಬೈದು, ತಾವೇ ಮುಂದಾಗಿ ನಾಡಕಚೇರಿಗೆ ಕರೆದುಕೊಂಡು ಹೋದರು. ಮರುವರ್ಷ ಸೀಟು ಸಿಕ್ಕಿತು. ಆಗ ಬಿ.ಎಡ್. ಒಂದೇ ವರ್ಷದ್ದು, ಎರಡು ವರ್ಷವಾದದ್ದು 2015ರಿಂದ. ಇವತ್ತು ನಾನು ಈ ಮೈಕಿನ ಮುಂದೆ ನಿಂತಿರುವುದು ಆ ಹಿರಿಯರ ಒಂದು ಬೆಳಗಿನ ಪುರುಸೊತ್ತಿನಿಂದ. ಅವರು ನನಗೆ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ. ಕೇಳಿದ್ದರೆ ಕೊಡುತ್ತಿದ್ದರೇನೋ, ಆದರೆ ಅವತ್ತು ಬೇಕಾಗಿದ್ದದ್ದು ರೂಪಾಯಿ ಆಗಿರಲಿಲ್ಲ.

ಸರ್ಟಿಫಿಕೇಟಿನ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕೆಲವರಿಗೆ ಬೇಸರವಾಗಬಹುದು, ಆದರೆ ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ. ನಾವು ಇರುವುದು ಕಲ್ಯಾಣ ಕರ್ನಾಟಕದಲ್ಲಿ. 2013ರಿಂದ ಜಾರಿಗೆ ಬಂದ ಸಂವಿಧಾನದ 371(ಜೆ) ಕಲಮಿನಂತೆ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70 ಸೀಟು ನಮ್ಮವರಿಗೆ, ರಾಜ್ಯದ ಉಳಿದ ಭಾಗದ ಸಂಸ್ಥೆಗಳಲ್ಲಿ ನೂರಕ್ಕೆ 8. ಈ ಭಾಗದ ಸಿ ಗುಂಪಿನ ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ 80. ಬೆಂಗಳೂರಿನ ಕಾಲೇಜಿಗೂ ಇದು ಉಪಯೋಗಕ್ಕೆ ಬರುತ್ತದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಇದಕ್ಕೆ ಉಪವಿಭಾಗಾಧಿಕಾರಿಗಳಿಂದ ಅರ್ಹತಾ ಪ್ರಮಾಣಪತ್ರ ಬೇಕು. ಸಿಇಟಿ ಫಲಿತಾಂಶ ಬಂದ ಮೇಲೆ ಅರ್ಜಿ ಹಾಕಿ ಓಡಾಡುವ ಬದಲು, ಮಗು ಹತ್ತನೇ ತರಗತಿಯಲ್ಲಿದ್ದಾಗಲೇ ಮಾಡಿಸಿಟ್ಟುಕೊಳ್ಳಿ. ಹಾಗೆಯೇ ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಇದೆ. ಅದಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಉರ್ದು ಮಾಧ್ಯಮದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಸಿಗುವುದಿಲ್ಲ, ಆದರೆ ಗ್ರಾಮೀಣ ಮೀಸಲಾತಿ ಸಿಗುತ್ತದೆ. ಎರಡನ್ನೂ ಕಲಸಿಕೊಂಡು "ನಮಗೇನೂ ಇಲ್ಲಂತ್ರಿ" ಎಂದು ಕೈಬಿಟ್ಟವರನ್ನು ನಾನು ನೋಡಿದ್ದೇನೆ.

ಇನ್ನು ಹೆಸರಿನ ತೊಂದರೆ. ನಮ್ಮ ಹೆಣ್ಣುಮಕ್ಕಳ ಹೆಸರು ಶಾಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಶಾಲೆಯಲ್ಲಿ ಹುಸೇನಬಿ, ಆಧಾರಿನಲ್ಲಿ ಹುಸೇನಾ ಬೇಗಂ. ಒಂದು ಕಡೆ ತಂದೆಯ ಹೆಸರು ಮೌಲಾಸಾಬ, ಮತ್ತೊಂದು ಕಡೆ ಮೌಲಾಹುಸೇನ. ಮನೆಯಲ್ಲಿ ಇಬ್ಬರೂ ಒಬ್ಬರೇ, ಕಂಪ್ಯೂಟರಿಗೆ ಇಬ್ಬರು. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಹೆಸರು ಕೂಡಿತು ಎನ್ನಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ವರ್ಷದ ಕೊನೆಗೆ ತಾಯಿ ಬಂದು "ಎಲ್ಲಾರಿಗೂ ಬಂತು, ನನ್ನ ಮಗಳಿಗೆ ಮಾತ್ರ ಬರಲಿಲ್ಲ, ಏನ್ ಮೋಸ ಮಾಡ್ಯಾರ್ರಿ?" ಎಂದು ಕೇಳುತ್ತಾಳೆ. ಮೋಸ ಯಾರೂ ಮಾಡಿರುವುದಿಲ್ಲ. ಒಂದು ಅಕ್ಷರ ಕೂಡಿರುವುದಿಲ್ಲ. ಸಹಾಯಧನಗಳೂ ವರ್ಷಕ್ಕೊಂದು ರೀತಿ ಬದಲಾಗುತ್ತವೆ. ಎಂಟನೇ ತರಗತಿಯವರೆಗಿನ ಅಲ್ಪಸಂಖ್ಯಾತರ ಮಕ್ಕಳಿಗೆ ಕೇಂದ್ರ ಸರ್ಕಾರದಿಂದ ಬರುತ್ತಿದ್ದ ವಿದ್ಯಾರ್ಥಿವೇತನ 2022ರಲ್ಲಿ ನಿಂತಿತು. ಉನ್ನತ ಸಂಶೋಧನೆಗೆ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ ಕೂಡ ಅದೇ ವರ್ಷ ನಿಂತಿತು. ವೃತ್ತಿಪರ ಕೋರ್ಸುಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಯೋಜನೆ ಇದೆ, ಆದರೆ ಅದು ಸಾಲ. ದಾನವೆಂದು ತಿಳಿದು ತೆಗೆದುಕೊಂಡು ಆಮೇಲೆ ನೋಟಿಸು ಬಂದಾಗ ಗಾಬರಿಯಾದವರಿದ್ದಾರೆ. ತೆಗೆದುಕೊಳ್ಳಿ, ಆದರೆ ತಿಳಿದು ತೆಗೆದುಕೊಳ್ಳಿ.

ಕಾಗದಪತ್ರ ಕೂಡಿತು, ಸೀಟು ಸಿಕ್ಕಿತು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು ಎಂದು ನಾವು ತಿಳಿಯುತ್ತೇವೆ. ಅಲ್ಲಿಂದ ಮುಂದೆ ಏನಾಗುತ್ತದೆ ಎಂಬುದಕ್ಕೆ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ.

ಬಿ.ಕಾಂ. ಮೊದಲ ವರ್ಷದ ಹುಡುಗಿ. ಒಂದು ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದಳು. ಅಳುತ್ತಿದ್ದಳು. ಮೊದಲ ಸೆಮಿಸ್ಟರಿನಲ್ಲಿ ಒಂದು ಪತ್ರಿಕೆ ಹೋಗಿತ್ತು. "ಟೀಚರ್, ಫೇಲ್ ಆದೆ. ಸಾಕು ಬಿಡು, ಮನಿಗೆ ಬಾ ಅಂತಾಳ ಅಮ್ಮಿ." ನಮ್ಮ ಮನೆಗಳಲ್ಲಿ ಫೇಲ್ ಎಂದರೆ ಎಸ್ಸೆಸ್ಸೆಲ್ಸಿ ಫೇಲ್. ಫೇಲ್ ಆದರೆ ಓದು ಮುಗಿಯಿತು, ಹುಡುಗನಾದರೆ ಕೆಲಸ, ಹುಡುಗಿಯಾದರೆ ಮದುವೆ. ಪದವಿಯಲ್ಲಿ ಒಂದು ವಿಷಯ ಉಳಿದರೂ ಮುಂದಿನ ಸೆಮಿಸ್ಟರಿಗೆ ಹೋಗಬಹುದು, ಉಳಿದದ್ದನ್ನು ಆಮೇಲೆ ಬರೆದುಕೊಳ್ಳಬಹುದು, ಅದಕ್ಕೆ ಬ್ಯಾಕ್‌ಲಾಗ್ ಎನ್ನುತ್ತಾರೆ ಎಂಬುದು ಆ ಹುಡುಗಿಗೆ ಗೊತ್ತಿರಲಿಲ್ಲ, ಅವಳ ತಾಯಿಗೆ ಹೇಗೆ ಗೊತ್ತಿರಬೇಕು? ಮರುದಿನ ಸಂಜೆ ಅವರ ಮನೆಗೆ ಹೋದೆ. ಅವಳ ಅಮ್ಮಿಗೆ ನಮ್ಮ ದಖ್ಖನಿಯಲ್ಲಿಯೇ ತಿಳಿಸಿ ಹೇಳಿದೆ: ರೊಟ್ಟಿಯ ಬುಟ್ಟಿಯಲ್ಲಿ ಒಂದು ರೊಟ್ಟಿ ಸೀದರೆ ಒಲೆ ಆರಿಸುತ್ತೀರಾ? ಅವರು ನಕ್ಕರು. ಚಹಾ ಕೊಟ್ಟರು. ಹುಡುಗಿ ಈಗ ಕೊನೆಯ ವರ್ಷದಲ್ಲಿದ್ದಾಳೆ, ಆ ವಿಷಯ ಯಾವಾಗಲೋ ಪಾಸಾಯಿತು. ನಾನು ಮಾಡಿದ್ದು ಒಂದು ಫೋನ್ ಎತ್ತಿದ್ದು, ಒಂದು ಚಹಾ ಕುಡಿದದ್ದು.

ಇಂಥ ಗೊಂದಲಗಳಿಗೆ ಮಕ್ಕಳನ್ನಷ್ಟೇ ದೂರುವಂತಿಲ್ಲ. ಪದವಿ ಮೂರು ವರ್ಷವೋ ನಾಲ್ಕೋ ಎಂಬುದೇ ಕೆಲವು ವರ್ಷ ಗೊಂದಲವಾಗಿತ್ತು. 2021ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಪ್ರವೇಶ, ಪರೀಕ್ಷಾ ಶುಲ್ಕ, ಫಲಿತಾಂಶ ಎಲ್ಲವೂ ಯುಯುಸಿಎಂಎಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಮನೆಗೊಂದೇ ಸ್ಮಾರ್ಟ್‌ಫೋನ್, ಅದೂ ಅಣ್ಣನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಕೊನೆಯ ದಿನಾಂಕ ದಾಟಿದ್ದು ತಿಳಿಯುವುದು ದಾಟಿದ ಮೇಲೆಯೇ. ಕಾಲೇಜುಗಳಲ್ಲಿ ಮೆಂಟರ್ ಎಂದು ಒಬ್ಬ ಉಪನ್ಯಾಸಕರನ್ನು ನೇಮಿಸಿರುತ್ತಾರೆ, ನಿಜ. ಒಬ್ಬರಿಗೆ ಹತ್ತಾರು ಮಕ್ಕಳು, ಮೇಲೆ ರಿಜಿಸ್ಟರ್ ತುಂಬುವ ಕೆಲಸ. ಒಳ್ಳೆಯ ಮನಸ್ಸಿದ್ದರೂ ಅವರು ಹುಡುಗಿಯ ಮನೆಗೆ ಚಹಾ ಕುಡಿಯಲು ಹೋಗಲಾರರು.

ನಮ್ಮದೇ ಭಾಗದ ಬೀದರಿನಲ್ಲಿ 1989ರಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಅಬ್ದುಲ್ ಖದೀರ್ ಅವರು ಆರಂಭಿಸಿದ ಶಾಹೀನ್ ಸಂಸ್ಥೆಯನ್ನು ತಾವೆಲ್ಲ ಬಲ್ಲಿರಿ. ಅಲ್ಲಿಂದ ಎಷ್ಟು ಜನ ವೈದ್ಯಕೀಯ ಸೀಟು ಪಡೆದರು ಎಂಬುದನ್ನೇ ನಾವು ಪ್ರತಿ ವರ್ಷ ಪತ್ರಿಕೆಗಳಲ್ಲಿ ಓದುತ್ತೇವೆ. ನನಗೆ ಹೆಚ್ಚು ಹಿಡಿಸಿದ್ದು ಅವರ ಇನ್ನೊಂದು ಕೆಲಸ. ಶಾಲೆ ಬಿಟ್ಟವರನ್ನು, ಮದರಸಾದಲ್ಲಿ ಮಾತ್ರ ಓದಿದವರನ್ನು ಮರಳಿ ಓದಿಗೆ ತರುವ ವಿಭಾಗ ಮಾಡಿ, ಅದಕ್ಕೆ ಆಸ್ಪತ್ರೆಯ ಐಸಿಯುವಿನಂತೆ ಅಕಾಡೆಮಿಕ್ ಇಂಟೆನ್ಸಿವ್ ಕೇರ್ ಯುನಿಟ್ ಎಂದು ಹೆಸರಿಟ್ಟರು. ಹಿಂದೆ ಬಿದ್ದವನ ಹತ್ತಿರವೇ ಹೆಚ್ಚು ಹೊತ್ತು ನಿಲ್ಲಬೇಕು ಎಂಬ ವಿಚಾರ ಅದು. ಬೆಂಗಳೂರಿನಲ್ಲಿ 1966ರಲ್ಲಿ ಅಲ್-ಅಮೀನ್ ಶಿಕ್ಷಣ ಸಂಸ್ಥೆ ಕಟ್ಟಿದ ದಿವಂಗತ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು ವೃತ್ತಿಯಿಂದ ವೈದ್ಯರು. ಇನ್ನು ಕೊಪ್ಪಳದಲ್ಲಿ ಗವಿಮಠದ ವಸತಿನಿಲಯದಲ್ಲಿ ಸಾವಿರಾರು ಬಡ ಮಕ್ಕಳು ಊಟ ವಸತಿ ಪಡೆದು ಓದುತ್ತಿರುವುದನ್ನು ದಿನವೂ ನೋಡುತ್ತೇವೆ. ಅಷ್ಟು ದೊಡ್ಡ ಕೆಲಸ ನಮ್ಮಂಥ ಸಣ್ಣ ಸಂಘದಿಂದ ಆಗದು. ಕಟ್ಟಡ ಕಟ್ಟಲು ನಮ್ಮಲ್ಲಿ ಹಣವಿಲ್ಲ, ಆದರೆ ಫೋನ್ ಎತ್ತುವಷ್ಟು ಜನ ಇದ್ದೇವೆ.

ಉದ್ಯೋಗದ ವಿಷಯ ಹೇಳದೆ ಹೋದರೆ ವಿದ್ಯಾರ್ಥಿಗಳಿಗೆ ಬೇಸರವಾದೀತು. ಇಲ್ಲಿಂದ ಹತ್ತಿರದ ಭಾನಾಪುರದಲ್ಲಿ ಆಟಿಕೆ ತಯಾರಿಕೆಯ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಗಿಣಿಗೇರಿ, ಬೇವಿನಹಳ್ಳಿ ಕಡೆ ಉಕ್ಕು ಮತ್ತು ಬೀಡು ಕಬ್ಬಿಣದ ಕಾರ್ಖಾನೆಗಳಿವೆ. ನಮ್ಮ ಹುಡುಗರು ಅಲ್ಲಿಗೆ ಗುತ್ತಿಗೆದಾರರ ಮೂಲಕ ದಿನಗೂಲಿಗೆ ಹೋಗುತ್ತಾರೆ. ಅಲ್ಲಿ ಲೆಕ್ಕಪತ್ರ ನೋಡುವವರು, ಗುಣಮಟ್ಟ ತಪಾಸಣೆ ಮಾಡುವವರು, ಯಂತ್ರ ದುರಸ್ತಿ ಮಾಡುವವರೂ ಬೇಕು. ಬಿ.ಕಾಂ. ಹುಡುಗಿ ಅಲ್ಲಿ ಲೆಕ್ಕದ ಮೇಜಿನ ಮುಂದೆ ಕೂಡಬಹುದು ಎಂಬುದು ಅವಳ ಕಲ್ಪನೆಯಲ್ಲೇ ಇಲ್ಲ, ಏಕೆಂದರೆ ಕಾರ್ಖಾನೆಯ ಒಳಗಡೆ ಅವಳ ಬಳಗದವರು ನೋಡಿರುವುದು ಲೋಡಿಂಗ್ ಜಾಗ ಮಾತ್ರ. ಇನ್ನು ಅಂಕ ಕಡಿಮೆ ಬಂದವರು ಓದು ಬಿಡಬೇಕಾಗಿಲ್ಲ. ಸರ್ಕಾರದ ಜಿಟಿಟಿಸಿ ಡಿಪ್ಲೊಮಾಕ್ಕೆ ಎಸ್ಸೆಸ್ಸೆಲ್ಸಿ ಸಾಕು. ಐಟಿಐ ಮುಗಿಸಿದವರಿಗೆ ಅಪ್ರೆಂಟಿಸ್ ಕಾಯ್ದೆಯಡಿ ಭತ್ಯೆಯೊಂದಿಗೆ ತರಬೇತಿ ಇದೆ. ನಾವು ಶಿಕ್ಷಕರಿಗೆ ಡಾಕ್ಟರ್, ಇಂಜಿನಿಯರ್, ಮಾಸ್ತರ್ ಈ ಮೂರು ಬಿಟ್ಟರೆ ನಾಲ್ಕನೆಯದು ಬಾಯಿಗೆ ಬರುವುದಿಲ್ಲ. ಇದು ನಮ್ಮ ದೋಷ, ಮೊದಲು ನಾವು ಕಲಿಯಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು. ಕೇಳಲು ನಾಚಬೇಡಿ. ಹುಡುಗರು ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಧೈರ್ಯದಿಂದ ಕಂಡಕ್ಟರನ ಜೊತೆ ಜಗಳ ಮಾಡುತ್ತೀರಿ, ಅದರ ಕಾಲು ಭಾಗದ ಧೈರ್ಯ ಕಾಲೇಜಿನ ಆಫೀಸಿನ ಕಿಟಕಿಯ ಮುಂದೆ ಇದ್ದರೆ ಸಾಕು. ಇಂಗ್ಲಿಷ್ ಬರುವುದಿಲ್ಲ ಎಂದು ಕೊನೆಯ ಬೆಂಚಿಗೆ ಹೋಗಬೇಡಿ. ಮನೆಯಲ್ಲಿ ದಖ್ಖನಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಟಿವಿಯಲ್ಲಿ ಹಿಂದಿ, ನಾಲ್ಕು ಭಾಷೆ ಆಗಲೇ ನಿಮಗೆ ಬರುತ್ತವೆ. ಐದನೆಯದಕ್ಕೆ ಹೆದರುವ ಕಾರಣ ನನಗೆ ತಿಳಿಯುವುದಿಲ್ಲ.

ಈಗ ಸಂಘದ ಹಿರಿಯರಲ್ಲಿ ಒಂದು ವಿನಂತಿ. ಚಿಕ್ಕವಳ ಬಾಯಲ್ಲಿ ದೊಡ್ಡ ಮಾತು ಎನಿಸಿದರೆ ಕ್ಷಮಿಸಬೇಕು. ಸನ್ಮಾನ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಟಿವಿ ಪಕ್ಕದ ಆ ಸ್ಮರಣಿಕೆಯಿಂದ ಆ ತಾಯಿಗೆ ಸಿಕ್ಕ ಸಂತೋಷ ಸಣ್ಣದಲ್ಲ. ಆದರೆ ಶಾಲು, ಹಾರ, ಪೆಂಡಾಲು, ಊಟಕ್ಕೆ ಮಾಡುವ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಬೇರೆ ಊರಿಗೆ ಕೌನ್ಸೆಲಿಂಗ್‌ಗೆ, ಸಂದರ್ಶನಕ್ಕೆ ಹೋಗುವ ಮಕ್ಕಳ ಬಸ್ ಖರ್ಚಿಗೆ ಇಡಬಹುದು. ಅದಕ್ಕಿಂತ ಮುಖ್ಯವಾಗಿ, ಇವತ್ತು ಹೆಸರು ಕರೆದ ಪ್ರತಿ ಮಗುವಿಗೂ ಸಂಘದ ಒಬ್ಬ ಸದಸ್ಯರು ಮೂರು ವರ್ಷ ಜವಾಬ್ದಾರರಾಗಬೇಕು. ತಿಂಗಳಿಗೊಮ್ಮೆ ಫೋನ್. ವರ್ಷಕ್ಕೆರಡು ಸಲ ಮನೆಗೆ. ಫಲ ಬಂದ ದಿನ ಖಂಡಿತವಾಗಿ, ಬಿದ್ದ ದಿನ ಇನ್ನೂ ಖಂಡಿತವಾಗಿ. ಹೆಣ್ಣುಮಕ್ಕಳಿಗೆ ಮಹಿಳಾ ಸದಸ್ಯರೇ ಇರಲಿ, ಮನೆಯ ಅಡುಗೆಮನೆಯವರೆಗೆ ಹೋಗಿ ತಾಯಿಯೊಂದಿಗೆ ಮಾತನಾಡಲು ಅವರಿಂದ ಸಾಧ್ಯ. ಗೊತ್ತಿಲ್ಲದ ಪ್ರಶ್ನೆ ಬಂದರೆ "ನನಗೂ ಗೊತ್ತಿಲ್ಲ, ನಡಿ, ಇಬ್ಬರೂ ಹೋಗಿ ಕೇಳೋಣ" ಎಂದರೆ ಸಾಕು. ನನ್ನ ಮಾಸ್ತರರಿಗೂ ಬಿ.ಎಡ್. ಕೌನ್ಸೆಲಿಂಗಿನ ನಿಯಮವೆಲ್ಲ ಗೊತ್ತಿರಲಿಲ್ಲ. ಅವರು ಧೋತರ ಸರಿಪಡಿಸಿಕೊಂಡು ಎದ್ದು ನಿಂತರು, ಅಷ್ಟೇ.

ಕೆಲವರು ಕೇಳಿದ್ದಾರೆ, ಅಂಕ ಪಡೆದವರಿಗೆ ಮಾತ್ರ ಏಕೆ, ಉಳಿದವರ ಗತಿ ಏನು ಎಂದು. ಸರಿಯಾದ ಪ್ರಶ್ನೆ. ಶೇಕಡಾ 45 ಪಡೆದ ಮಗುವಿಗೆ ಈ ಕೈಹಿಡಿಯುವಿಕೆ ಇನ್ನೂ ಹೆಚ್ಚು ಬೇಕು. ಮೊದಲ ವರ್ಷ ಸಣ್ಣದಾಗಿ ಮಾಡಿ ನೋಡೋಣ, ಆಮೇಲೆ ಆ ಮಕ್ಕಳ ಪಟ್ಟಿಯನ್ನೂ ತರುತ್ತೇನೆ.

ಅಧ್ಯಕ್ಷರ ಅಪ್ಪಣೆ ಪಡೆದು ಒಂದು ನೋಟ್‌ಬುಕ್ ತಂದಿದ್ದೇನೆ. ಈ ವರ್ಷ ಸನ್ಮಾನಿತರಾದ ಹನ್ನೊಂದು ಮಕ್ಕಳ ಹೆಸರು, ಊರು, ತಂದೆ ತಾಯಿಯ ಫೋನ್ ನಂಬರ್ ಬರೆದಿದ್ದೇನೆ. ಬಲಗಡೆಯ ಕಾಲಂ ಖಾಲಿ ಇದೆ. ಮೂರು ಹೆಸರಿನ ಮುಂದೆ ನಾನು ನನ್ನ ಹೆಸರು ಬರೆದಿದ್ದೇನೆ, ಒಂದರ ಮುಂದೆ ಮುಖ್ಯೋಪಾಧ್ಯಾಯರು ಬರೆದಿದ್ದಾರೆ. ಬೆಂಗಳೂರಿನ ಟೈಲ್ಸ್ ಹುಡುಗನಿಗೂ ಮೊನ್ನೆ ಫೋನ್ ಮಾಡಿದ್ದೆ. ಎನ್‌ಐಒಎಸ್‌ ಮೂಲಕ ಹೊರಗಿನಿಂದ ಪಿಯುಸಿ ಮಟ್ಟದ ಪರೀಕ್ಷೆ ಬರೆಯಬಹುದು ಎಂದು ಹೇಳಿದೆ. "ನೋಡೋಣ್ರಿ ಟೀಚರ್" ಎಂದ. ಹನ್ನೆರಡನೆಯದಾಗಿ ಅವನ ಹೆಸರನ್ನೂ ಬರೆದಿದ್ದೇನೆ, ಅದರ ಮುಂದಿನ ಜಾಗವೂ ನನ್ನದೇ.

ಉಳಿದದ್ದು ಏಳು. ನೋಟ್‌ಬುಕ್ ಬಾಗಿಲ ಹತ್ತಿರ ಚಹಾದ ಮೇಜಿನ ಮೇಲಿದೆ, ಪೆನ್ನನ್ನು ದಾರದಿಂದ ಕಟ್ಟಿದ್ದೇನೆ.